ಕೆಮ್ಮಿನ ಸಿರಪ್ಪಿಗೂ ಆಪರೇಷನ್ ಥಿಯೇಟರಿಗೂ ಏನು ನಂಟು?

ಎಷ್ಟೋ ಆಪರೇಷನ್‌ಗಳಲ್ಲಿ ಅರಿವಳಿಕೆಯ ಜೊತೆಗೆ ಸ್ನಾಯುಗಳನ್ನು ಸಡಿಲ ಮಾಡುವ ಔಷಧಿಯನ್ನೂ ಕೊಡುತ್ತಾರೆ. ಗಂಟಲೊಳಗೆ ಉಸಿರಿನ ಕೊಳವೆ ಇಳಿಸಲು ಅದು ಬೇಕು. ಸಕ್ಸಮೆಥೋನಿಯಂ, ರೊಕ್ಯುರೋನಿಯಂ ಇಂಥವು. ಅಪರೂಪಕ್ಕೆ ಯಾರಿಗೋ ಇದು ಒಗ್ಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಬಿ.ಪಿ. ಕುಸಿಯುತ್ತದೆ, ಶ್ವಾಸನಾಳ ಬಿಗಿಯುತ್ತದೆ, ಎದೆಬಡಿತವೇ ನಿಲ್ಲಬಹುದು. ಈ ತೀವ್ರ ಅಲರ್ಜಿಗೆ ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ.

ಎಚ್ಚರ ಇದ್ದವರಾದರೆ ಮೈ ತುರಿಸುತ್ತಿದೆ, ಉಸಿರು ಕಟ್ಟುತ್ತಿದೆ ಅಂತ ಹೇಳಿಯಾರು. ಇಲ್ಲಿ ರೋಗಿಗೆ ಪ್ರಜ್ಞೆಯೇ ಇಲ್ಲ. ಮೈಮೇಲೆ ಬಟ್ಟೆ ಹೊದಿಸಿರುವುದರಿಂದ ದದ್ದು ಎದ್ದರೂ ಕಾಣುವುದಿಲ್ಲ. ಬಿ.ಪಿ. ಅರಿವಳಿಕೆಯಿಂದಲೂ ಸ್ವಲ್ಪ ಇಳಿಯುವುದುಂಟು. ಇದು ಅದಲ್ಲ ಎಂದು ಅರಿವಳಿಕೆ ವೈದ್ಯರು ಬೇಗ ಗುರುತಿಸಬೇಕು, ತಡಮಾಡದೆ ಅಡ್ರಿನಲಿನ್ ಕೊಡಬೇಕು. ಬ್ರಿಟನ್ನಿನ ದೊಡ್ಡದೊಂದು ಸಮೀಕ್ಷೆ 2018ರಲ್ಲಿ ಹೊರಬಂತು. ಅದರ ಲೆಕ್ಕದಲ್ಲಿ ಸುಮಾರು 10,000 ಅರಿವಳಿಕೆಗಳಿಗೆ ಒಮ್ಮೆ ಹೀಗಾಗುತ್ತದೆ. ಕಾರಣಗಳಲ್ಲಿ ಆಂಟಿಬಯೋಟಿಕ್‌ಗಳು ಮೊದಲು, ಸ್ನಾಯು ಸಡಿಲಿಸುವ ಔಷಧಿಗಳು ಎರಡನೆಯವು.

ನನಗೆ ಬಹಳ ಸೋಜಿಗ ಎನಿಸಿದ್ದು ಬೇರೆ. ಅಲರ್ಜಿ ಆಗಬೇಕಾದರೆ ಆ ವಸ್ತು ಮೈಗೆ ಮೊದಲೇ ಪರಿಚಯ ಇರಬೇಕು ಅಲ್ವಾ? ಆದರೆ ಸ್ನಾಯು ಸಡಿಲಿಸುವ ಔಷಧಿಗಳಿಂದ ಹೀಗಾದವರಲ್ಲಿ ಎಷ್ಟೋ ಜನ ಅದುವರೆಗೆ ಅವನ್ನು ತೆಗೆದುಕೊಂಡೇ ಇರಲಿಲ್ಲ!

ಸುಳಿವು ಸಿಕ್ಕಿದ್ದು ನಾರ್ವೆಯಲ್ಲಿ. ಅಲ್ಲಿ ಈ ತೊಂದರೆ ಪಕ್ಕದ ಸ್ವೀಡನ್ನಿಗಿಂತ ತುಂಬಾ ಜಾಸ್ತಿ ಇತ್ತು. ಸಂಶೋಧಕರಾದ ನಾರ್ವೆಯ ಫ್ಲೋರ್ವಾಗ್, ಸ್ವೀಡನ್ನಿನ ಯೋಹಾನ್ಸನ್ ಮತ್ತು ಸಂಗಡಿಗರು ಎರಡು ದೇಶಗಳ ಜನ ದಿನನಿತ್ಯ ಬಳಸುವ ವಸ್ತುಗಳನ್ನೆಲ್ಲ ಹೋಲಿಸಿದರು. ಎದ್ದು ಕಂಡದ್ದು ಫೋಲ್ಕೋಡಿನ್ ಇರುವ ಕೆಮ್ಮಿನ ಸಿರಪ್. ನಾರ್ವೆಯಲ್ಲಿ ಅದು ಮಾರಾಟದಲ್ಲಿತ್ತು, ಸ್ವೀಡನ್ನಿನಲ್ಲಿ ಇರಲಿಲ್ಲ. ಫೋಲ್ಕೋಡಿನ್ ಅಣುವಿನ ಒಂದು ಭಾಗ ಸ್ನಾಯು ಸಡಿಲಿಸುವ ಔಷಧಿಯ ಒಂದು ಭಾಗವನ್ನೇ ಹೋಲುತ್ತದೆ. ಸಿರಪ್ ಕುಡಿದ ಕೆಲವರ ರಕ್ತದಲ್ಲಿ ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯಗಳು ಹುಟ್ಟಿಕೊಳ್ಳುತ್ತವೆ. ಆಗ ಏನೂ ತೊಂದರೆ ಆಗುವುದಿಲ್ಲ, ಕೆಮ್ಮೂ ಹೋಗುತ್ತದೆ. ಮುಂದೆಂದೋ ಆಪರೇಷನ್ ಟೇಬಲ್ ಮೇಲೆ ಅದೇ ಪ್ರತಿಕಾಯಗಳು ಹೊಸ ಔಷಧಿಯನ್ನು ಹಳೆಯ ವೈರಿ ಎಂದುಕೊಂಡು ಮೇಲೆ ಬೀಳುತ್ತವೆ.

ನಾರ್ವೆ 2007ರಲ್ಲಿ ಆ ಸಿರಪ್ಪನ್ನು ಮಾರುಕಟ್ಟೆಯಿಂದ ತೆಗೆಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಜನರ ರಕ್ತದಲ್ಲಿ ಆ ಪ್ರತಿಕಾಯಗಳು ಇಳಿದವು, ಆಪರೇಷನ್ ವೇಳೆಯ ಅಲರ್ಜಿಯ ವರದಿಗಳೂ ಕಡಿಮೆಯಾದವು. ಇಷ್ಟು ಕಣ್ಣಿಗೆ ಕಟ್ಟುವಂತಿದ್ದರೂ ಯುರೋಪಿನ ಔಷಧ ಸಂಸ್ಥೆ ಅದನ್ನು ಎಲ್ಲ ಕಡೆ ನಿಲ್ಲಿಸಿ ಎಂದದ್ದು 2022ರ ಡಿಸೆಂಬರಿನಲ್ಲಿ. ಆಸ್ಟ್ರೇಲಿಯಾ, ಬ್ರಿಟನ್ ನಿಲ್ಲಿಸಿದ್ದು 2023ರಲ್ಲಿ. ಬರೀ ಕೆಮ್ಮಿನ ಔಷಧಿಗೆ ಇಷ್ಟು ವರ್ಷ ಕಾಯಬಾರದಿತ್ತು. ಆಪರೇಷನ್‌ಗೆ ಮೊದಲು ಕಳೆದ 12 ತಿಂಗಳಲ್ಲಿ ಫೋಲ್ಕೋಡಿನ್ ಕುಡಿದಿದ್ದೀರಾ ಎಂದು ವಿಚಾರಿಸುವಂತೆ ಅಲ್ಲಿನ ವೈದ್ಯರಿಗೆ ಆಗ ಸೂಚನೆ ಹೋಯಿತು.