ಲಿವರ್ ಗಡ್ಡೆ ತೆಗೆದರೆ ಸ್ತನ ಕ್ಯಾನ್ಸರ್ ನಿಲ್ಲುತ್ತಾ?

ಸ್ತನ ಕ್ಯಾನ್ಸರ್ ಲಿವರ್‌ಗೆ ಹರಡಿದವರ ಸ್ಕ್ಯಾನ್ ತೆರೆದಿಟ್ಟಾಗ ಲಿವರ್‌ನ ಬಲಗಡೆ ಒಂದು ಕಪ್ಪು ಚುಕ್ಕೆ ಕಾಣುತ್ತದೆ. ಜೊತೆಗೆ ಬಂದವರು ಅದರ ಮೇಲೇ ಬೆರಳಿಟ್ಟು ಕೇಳುತ್ತಾರೆ, ‘ಇಷ್ಟೇ ತಾನೇ ಡಾಕ್ಟ್ರೇ? ತೆಗೆದುಬಿಟ್ಟರೆ ಆಗಲ್ವಾ?’ ಕೆಲವರಿಗೆ ಇದರ ಉಲ್ಟಾ ಭಯ. ‘ಚಾಕು ತಾಗಿದರೆ ಜಾಸ್ತಿ ಹರಡುತ್ತಂತೆ, ಹೌದಾ?’ ಲಿವರ್ ಸರ್ಜನ್ ಆಗಿ ಎರಡನ್ನೂ ಸುಮ್ನೆ ತಳ್ಳಿಹಾಕಲು ನನಗಾಗುವುದಿಲ್ಲ.

ಮೊದಲು ಆ ಚುಕ್ಕೆ ಬಂದ ದಾರಿ ನೋಡೋಣ. ಕರುಳಿನ ರಕ್ತ ಪೋರ್ಟಲ್ ಎಂಬ ನಾಳ ಹಿಡಿದು ನೇರ ಲಿವರ್‌ಗೆ ಬರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಲಿವರ್ ಮೊದಲ ಜರಡಿ. ಕೆಲವರಲ್ಲಿ ರೋಗ ಅಲ್ಲೇ ಸಿಕ್ಕಿಕೊಂಡಿರುತ್ತದೆ, ಆ ಭಾಗ ಕತ್ತರಿಸಿದರೆ ಪೂರ್ತಿ ಗುಣವಾಗುವುದೂ ಉಂಟು. ಸ್ತನದ ಕತೆಯೇ ಬೇರೆ. ಅಲ್ಲಿಂದ ಹೊರಟ ಜೀವಕೋಶ ಹೃದಯಕ್ಕೆ ಬಂದು, ಶ್ವಾಸಕೋಶ ದಾಟಿ, ಮತ್ತೆ ಹೃದಯಕ್ಕೆ ಮರಳಿ, ಇಡೀ ಮೈಗೆ ಹೋಗುವ ರಕ್ತದಲ್ಲಿ ಸೇರಿ ಲಿವರ್ ಮುಟ್ಟಿರುತ್ತದೆ. ಅಷ್ಟೆಲ್ಲ ಸುತ್ತಿದ ರೋಗ ಮೂಳೆಯಲ್ಲೋ ಶ್ವಾಸಕೋಶದಲ್ಲೋ ನಾಲ್ಕು ಕೋಶ ಉಳಿಸಿ ಬಂದಿಲ್ಲ ಅಂತ ಯಾವ ಸ್ಕ್ಯಾನೂ ಹೇಳಲಾರದು. ಸ್ಕ್ಯಾನ್ ಕಣ್ಣಿಗೆ ಬೀಳುವಷ್ಟು ಗಂಟು ಬೆಳೆಯುವ ಹೊತ್ತಿಗೆ ಅದರಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ.

ಇನ್ನು ಲಿವರ್‌ನ ಸ್ವಭಾವ. ಕತ್ತರಿಸಿದರೆ ಬೆಳೆಯುತ್ತದೆ. 1931ರಲ್ಲಿ ಹಿಗ್ಗಿನ್ಸ್ ಮತ್ತು ಆಂಡರ್ಸನ್ ಎಂಬ ಸಂಶೋಧಕರು ಇಲಿಗಳ ಲಿವರ್‌ನ ಮೂರನೇ ಎರಡು ಪಾಲು ತೆಗೆದು ನೋಡಿದರು. ಕೆಲವೇ ವಾರಗಳಲ್ಲಿ ಅದು ತುಂಬಿಕೊಂಡಿತು. ಮನುಷ್ಯರಲ್ಲೂ ಹೀಗೇ, ಸ್ವಲ್ಪ ನಿಧಾನ ಅಷ್ಟೆ. (ಹಲ್ಲಿಯ ಬಾಲದ ಹಾಗೆ ಹೋದ ಭಾಗವೇ ಚಿಗುರುವುದಿಲ್ಲ, ಉಳಿದದ್ದು ದಪ್ಪವಾಗುತ್ತದೆ.)

ಹೀಗೆ ಬೆಳೆಯಲು ದೇಹ ಎಚ್‌ಜಿಎಫ್, ವಿಇಜಿಎಫ್ ಎಂಬ ಪ್ರೋಟೀನುಗಳನ್ನು ಬಿಡುತ್ತದೆ. ಮೊದಲನೆಯದು ಕೋಶಗಳಿಗೆ ‘ಬೆಳೆಯಿರಿ’ ಅನ್ನುತ್ತದೆ, ಎರಡನೆಯದು ಹೊಸ ರಕ್ತನಾಳ ಹುಟ್ಟಿಸುತ್ತದೆ. ಆದರೆ ಎಚ್‌ಜಿಎಫ್ ಹೇಳಿದ್ದನ್ನು ಕೇಳಿಸಿಕೊಳ್ಳುವ ಕಿವಿ ಸ್ತನ ಕ್ಯಾನ್ಸರ್‌ನ ಕೋಶಗಳಿಗೂ ಇರಬಹುದು. ಗೊಬ್ಬರ ಹಾಕುವುದು ಪೈರಿಗೆ, ತಿನ್ನುವುದು ಕಳೆಯೂ ಹೌದು ಅಲ್ವಾ? ಲಿವರ್‌ನ ದೊಡ್ಡ ಭಾಗ ತೆಗೆದ ಮೇಲೆ ಉಳಿದ ಭಾಗದಲ್ಲಿ ಅಡಗಿದ್ದ ಗಂಟುಗಳು ಬೇಗ ಬೆಳೆದದ್ದು ಪ್ರಾಣಿಗಳ ಪ್ರಯೋಗಗಳಲ್ಲಿ ಕಂಡಿದೆ. ಇದು ಮನುಷ್ಯರಲ್ಲೂ ಅಷ್ಟೇ ಜೋರಾಗಿ ನಡೆಯುತ್ತದೆ ಅಂತ ಸಾಬೀತಾಗಿಲ್ಲ. ಆದರೆ ಆಪರೇಷನ್ ಆದ ಮೇಲೆ ಗಾಯ ಮಾಯುವವರೆಗೆ, ಕೆಲವು ವಾರ, ಕೀಮೋ ಕೊಡುವಂತಿಲ್ಲ. ಗೊಬ್ಬರ ಬೀಳುವ ಹೊತ್ತಿಗೇ ಕಾವಲು ಇರುವುದಿಲ್ಲ. ನನಗೆ ಹೆದರಿಕೆ ಚಾಕುವಿನದಲ್ಲ, ಈ ವಾರಗಳದು. ಅದಕ್ಕೇ ಅರ್ಧ ಲಿವರ್ ತೆಗೆಯುವ ಕಡೆ ಒಂದು ತುಣುಕಿನಲ್ಲಿ ಮುಗಿಯುತ್ತದಾ ಅಂತ ನೋಡುತ್ತೇನೆ. ಗಂಟು ಚಿಕ್ಕದಿದ್ದರೆ ಸೂಜಿ ಚುಚ್ಚಿ ಮೈಕ್ರೋವೇವ್‌ನಿಂದ ಸುಡುವುದೂ ಒಂದು ದಾರಿ.

ಆಪರೇಷನ್ ಆದವರು ಜಾಸ್ತಿ ವರ್ಷ ಬದುಕಿದರು ಎಂಬ ವರದಿಗಳು ಬೇಕಾದಷ್ಟಿವೆ. ಅವನ್ನು ನಾನು ಉಪ್ಪು ಖಾರ ನೋಡಿಯೇ ನುಂಗುತ್ತೇನೆ. ನಾವು ಆಪರೇಷನ್‌ಗೆ ಆರಿಸುವುದೇ ರೋಗ ನಿಧಾನವಾಗಿರುವವರನ್ನು. ಓಡುವ ಕುದುರೆಯನ್ನೇ ಆರಿಸಿ, ಲಾಳ ಹೊಡೆದದ್ದಕ್ಕೆ ಗೆದ್ದಿತು ಅಂದ ಹಾಗೆ. 2022ರಲ್ಲಿ ಅಮೆರಿಕದಿಂದ ಬಂದ ಬಿಆರ್002 ಪ್ರಯೋಗದಲ್ಲಿ, ಸ್ತನ ಕ್ಯಾನ್ಸರ್ ನಾಲ್ಕಕ್ಕಿಂತ ಹೆಚ್ಚು ಕಡೆ ಹರಡದ 125 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧಿ ಮಾತ್ರ. ಇನ್ನೊಂದಕ್ಕೆ ಔಷಧಿಯ ಜೊತೆ ಗಂಟುಗಳಿಗೆ ರೇಡಿಯೇಷನ್ ಅಥವಾ ಸರ್ಜರಿ. ರೋಗ ತಡೆಯುವುದರಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಹಾಗಂತ ಎಲ್ಲರಿಗೂ ಬೇಡ ಅನ್ನುವುದಿಲ್ಲ. ಸ್ತನದ ಚಿಕಿತ್ಸೆ ಮುಗಿದು ವರ್ಷಗಳಾಗಿ, ಒಂದೋ ಎರಡೋ ಗಂಟು ಲಿವರ್‌ನಲ್ಲಿ ಮಾತ್ರ ಇದ್ದು, ಔಷಧಿಗೆ ಬಗ್ಗಿ ತಿಂಗಳುಗಟ್ಟಲೆ ಸುಮ್ಮನಿದ್ದರೆ ಮಾತಾಡಬಹುದು. ಅದಕ್ಕೂ ಮುಂಚೆ, ಸೂಜಿಯಿಂದ ಚೂರು ತೆಗೆದು ನೋಡುವ ಬಯಾಪ್ಸಿ ಆಗಲೇಬೇಕು. ಚುಕ್ಕೆ ಬರೀ ರಕ್ತನಾಳದ ಗಂಟೂ ಆಗಿರಬಹುದು, ಹಾಗಲ್ಲ ಅಂತ ಸ್ಕ್ಯಾನ್‌ನಲ್ಲೇ ಮೊದಲು ಖಚಿತ ಮಾಡಿಕೊಳ್ಳುತ್ತೇವೆ, ಅಂಥದಕ್ಕೆ ಸೂಜಿ ಹಾಕುವ ಹಾಗಿಲ್ಲ. ಕ್ಯಾನ್ಸರೇ ಆದರೂ, ಸ್ತನದಲ್ಲಿದ್ದಾಗಿನ ಹಾರ್ಮೋನ್ ಗುಣ ಮತ್ತು ಹರ್2 ಎಂಬ ಪ್ರೋಟೀನಿನ ಗುಣ ಲಿವರ್‌ಗೆ ಬರುವಷ್ಟರಲ್ಲಿ ಬದಲಾಗಿರಬಹುದು. ಆಗ ಕೊಡುವ ಔಷಧಿಯೇ ಬೇರೆ.

ಒಮ್ಮೆ ಇಂಥದ್ದೇ ಒಬ್ಬರನ್ನು ಟೇಬಲ್‌ಗೆ ತಂದಿದ್ದೆವು. ಸ್ಕ್ಯಾನ್‌ನಲ್ಲಿ ಒಂದೇ ಗಂಟು. ಹೊಟ್ಟೆ ಪೂರ್ತಿ ತೆರೆಯದೆ ಮೊದಲು ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ, ಅಲ್ಟ್ರಾಸೌಂಡ್ ಕಡ್ಡಿಯನ್ನು ಲಿವರ್‌ನ ಮೇಲೆ ಮೆಲ್ಲಗೆ ಸರಿಸುತ್ತಾ ಹೋದೆ. ಎಡಭಾಗದಲ್ಲಿ ಇನ್ನೊಂದು ಸಿಕ್ಕಿತು, ಕಾಳುಮೆಣಸಿನಷ್ಟು. ಕಡ್ಡಿ ತಿರುಗಿಸಿದರೆ ಹಿಂದೆ ಮತ್ತೊಂದು. ಎರಡರಿಂದಲೂ ಚೂರು ತೆಗೆದು ಲ್ಯಾಬ್‌ಗೆ ಕಳಿಸಿ, ಮಿಕ್ಕಿದ್ದನ್ನು ಮುಟ್ಟದೆ ತೂತುಗಳನ್ನು ಹೊಲಿದು ಮುಗಿಸಿದೆ. ಎಚ್ಚರವಾದ ಮೇಲೆ ಅವರು ಕೇಳಿದ ಮೊದಲ ಮಾತು, ‘ತೆಗೆದ್ರಾ?’ ಇಲ್ಲ ಅಂದೆ. ಲ್ಯಾಬ್ ರಿಪೋರ್ಟ್‌ನಲ್ಲಿ ಎರಡೂ ಕ್ಯಾನ್ಸರ್ ಎಂದೇ ಬಂತು. ಹತ್ತನೇ ದಿನಕ್ಕೆ ಅವರ ಔಷಧಿ ಮತ್ತೆ ಶುರುವಾಗಿತ್ತು.