ಪ್ರಾಂಗ್‌ಹಾರ್ನ್ ಕಣ್ಣು ಬೈನಾಕ್ಯುಲರ್ ಅಲ್ಲ

ಪ್ರಶ್ನೆ: ಸರ್, ಅಮೆರಿಕದ ಬಯಲಲ್ಲಿರೋ ಜಿಂಕೆಯಂಥ ಪ್ರಾಣಿ ಪ್ರಾಂಗ್‌ಹಾರ್ನ್ ಇದೆಯಲ್ಲ, ಅದರ ಕಣ್ಣು ಎಂಟು ಪಟ್ಟಿನ ಬೈನಾಕ್ಯುಲರ್ ಇದ್ದ ಹಾಗಂತೆ. ಬಟ್ಟಬಯಲಲ್ಲಿ ಬಿಲ್ಲು ಹಿಡಿದು ಅದರ ಹತ್ತಿರ ಹೋಗೋದು ಆಗದ ಮಾತು ಅಂತಾರೆ. ನಿಜಾನಾ?

ಉತ್ತರ: ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ವಯೋಮಿಂಗ್‌ನಲ್ಲಿ ಆಗಸ್ಟ್ ಮಧ್ಯಕ್ಕೆ ಬಿಲ್ಲಿನ ಬೇಟೆ ಶುರು. ಜುಲೈ ಬಂತೆಂದರೆ ಡೆನ್ವರ್ ಕಡೆಯ ನಮ್ಮ ಹುಡುಗರು ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ದಯವಿಟ್ಟು ಕೊನೆತನಕ ಓದಿ.

ಎಂಟು ಪಟ್ಟಿನ ಮಾತು ಸುಳ್ಳು. ಬೈನಾಕ್ಯುಲರ್ ಕಣ್ಣಿಗಿಟ್ಟು ನೋಡಿ: ಎಂಟು ಪಟ್ಟು ದೊಡ್ಡದಾಗಿ ಕಾಣುತ್ತದೆ, ಸರಿ. ಆದರೆ ಕಾಣುವುದು ಏಳೆಂಟು ಡಿಗ್ರಿಯ ಒಂದು ತುಣುಕು ಬಯಲು, ಅಷ್ಟೇ. ಪ್ರಾಂಗ್‌ಹಾರ್ನ್‌ಗೆ ತಲೆ ತಿರುಗಿಸದೆಯೇ ಸುಮಾರು 300 ಡಿಗ್ರಿ ಕಾಣುತ್ತದೆ. ಇಷ್ಟು ಅಗಲವನ್ನೂ ಅಷ್ಟು ದೊಡ್ಡದಾಗಿಯೂ ಒಂದೇ ಕಣ್ಣು ಹೇಗೆ ತೋರಿಸೀತು? ನಮ್ಮ ರೆಟಿನಾ, ಅಂದರೆ ಕಣ್ಣಿನ ಒಳಪರದೆ, ತನ್ನ ಸೂಕ್ಷ್ಮತೆಯನ್ನೆಲ್ಲ ನಡುವಿನ ಒಂದು ಚುಕ್ಕೆಗೆ ಕೊಟ್ಟಿದೆ, ಅದಕ್ಕೇ ನಾವು ಸಣ್ಣ ಅಕ್ಷರ ಓದುತ್ತೇವೆ. ಬಯಲಲ್ಲಿ ಮೇಯುವ ಗೊರಸಿನ ಪ್ರಾಣಿಗಳಲ್ಲಿ ಅದು ದಿಗಂತದುದ್ದಕ್ಕೂ ಪಟ್ಟಿಯ ಹಾಗೆ ಹರಡಿಕೊಂಡಿರುತ್ತದೆ. ನೋಟದಲ್ಲಿ ಎಲ್ಲರನ್ನೂ ಮೀರಿಸಿದ ಹದ್ದಿನ ಕಣ್ಣೇ ನಮ್ಮದಕ್ಕಿಂತ ಎರಡು, ಎರಡೂವರೆ ಪಟ್ಟು ಚುರುಕು. ಹುಲ್ಲು ಮೇಯುವ ಪ್ರಾಣಿ ಹದ್ದನ್ನೂ ಮೂರು ಪಟ್ಟು ಹಿಂದೆ ಹಾಕಿತು ಅಂದರೆ ನಂಬಬೇಕೇ?

ಬಯಲಿನಲ್ಲೇ ಇದಕ್ಕಿಂತ ಗಟ್ಟಿ ಸಾಕ್ಷಿ ಇದೆ. ಸೆಪ್ಟೆಂಬರ್‌ನಲ್ಲಿ ಗಂಡುಗಳು ಹೆಣ್ಣಿಗಾಗಿ ಕಾದಾಡುವಾಗ, ಬಟ್ಟೆಯ ಮೇಲೆ ಗಂಡಿನ ಚಿತ್ರ ಅಚ್ಚು ಹಾಕಿದ ಡಿಕಾಯ್ (ನಕಲಿ ಪ್ರಾಣಿ) ಎತ್ತಿ ಹಿಡಿದರೆ, ತನ್ನ ಜಾಗ ಕಾಯುವ ಗಂಡು ಅದನ್ನೇ ಎದುರಾಳಿ ಎಂದುಕೊಂಡು ಮೂವತ್ತು ಗಜದವರೆಗೂ ನುಗ್ಗಿ ಬರುತ್ತದೆ. ಹಳೆಯ ಬೇಟೆಗಾರರು ಬಿಳಿ ಬಟ್ಟೆ ಬೀಸಿ, ಅದೇನೆಂದು ನೋಡಲು ಬಂದವನ್ನು ಹೊಡೆಯುತ್ತಿದ್ದರು. ಎಂಟು ಪಟ್ಟಿನ ಕಣ್ಣಿದ್ದಿದ್ದರೆ ನೋಡಲು ಹತ್ತಿರ ಬರುವ ಅಗತ್ಯವೇನಿತ್ತು?

ಹಾಗಾದರೆ ಒಂದು ಮೈಲಿ ಆಚೆಯಿಂದ ನಿಮ್ಮನ್ನು ಹೇಗೆ ಗುರುತಿಸಿತು? ನೀವು ಅಲ್ಲಾಡಿದಿರಿ, ಅದಕ್ಕೆ. ದಿಣ್ಣೆಯ ನೆತ್ತಿಯ ಮೇಲೆ, ಆಕಾಶಕ್ಕೆ ಎದುರಾಗಿ ನಡೆದಿರಿ. ಆ ಕಣ್ಣಿನ ನಿಜವಾದ ಬಲ ಚಲನೆ ಹಿಡಿಯುವುದು. ಇದನ್ನು ಅರ್ಥ ಮಾಡಿಕೊಂಡರೆ ದಾರಿ ತಾನಾಗಿ ತೆರೆಯುತ್ತದೆ. ನೆತ್ತಿ ಬಿಟ್ಟು ಕೊರಕಲು ಹಿಡಿಯಿರಿ. ಅದು ತಲೆ ತಗ್ಗಿಸಿ ಮೇಯುವಾಗ ಮಾತ್ರ ತೆವಳಿ, ತಲೆ ಎತ್ತಿದ ಕ್ಷಣ ಕಲ್ಲಾಗಿ. ನೆಲದ ತುಂಬ ಪಾಪಾಸುಕಳ್ಳಿ ಇರುತ್ತದೆ, ಮಂಡಿಗೆ ಪ್ಯಾಡ್, ಕೈಗೆ ದಪ್ಪ ಚರ್ಮದ ಗ್ಲೌಸ್ ಬೇಕೇ ಬೇಕು. ಹಿಂಭಾಗದ ಬಿಳಿ ಕೂದಲು ನಿಮಿರಿ ಹೂವಿನಂತೆ ಅರಳಿತೆಂದರೆ ಇಡೀ ಹಿಂಡಿಗೆ ಸುದ್ದಿ ಹೋಯಿತು. ಅವತ್ತಿಗೆ ಆ ಹಿಂಡನ್ನು ಬಿಟ್ಟುಬಿಡಿ.

ಕಣ್ಣಿನ ಕಥೆಯಲ್ಲಿ ಮುಳುಗಿದವರು ಗಾಳಿ ಮರೆಯುತ್ತಾರೆ. 1804ರ ಸೆಪ್ಟೆಂಬರ್‌ನಲ್ಲಿ, ಈಗಿನ ಸೌತ್ ಡಕೋಟಾದಲ್ಲಿ, ಅಮೆರಿಕದ ಅನ್ವೇಷಕ ಮೆರಿವೆದರ್ ಲೂಯಿಸ್ ಒಂದು ಹಿಂಡಿನ ಬೆನ್ನು ಹತ್ತಿ ಸುಮಾರು 200 ಹೆಜ್ಜೆಯವರೆಗೆ ಹೋಗಿದ್ದ. ಅವು ತನ್ನ ವಾಸನೆ ಹಿಡಿದು ಓಡಿದವು ಎಂದು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಗಾಳಿ ನಿಮ್ಮ ಮುಖಕ್ಕೇ ಹೊಡೆಯುತ್ತಿರಬೇಕು.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ತೆವಳುವುದಲ್ಲ, ಕೂರುವುದು. ದನಗಳ ನೀರಿನ ತೊಟ್ಟಿಯ ಹತ್ತಿರ ನಾಲ್ಕಾರು ದಿನ ಮೊದಲೇ ಬ್ಲೈಂಡ್ (ಅಡಗಿ ಕೂರುವ ಗುಡಾರ) ಹಾಕಿ, ಅವಕ್ಕೆ ಅದು ರೂಢಿಯಾಗಲಿ. ಒಳಗೆ ಕಪ್ಪು ಬಟ್ಟೆ ತೊಡಿ, ಬೆನ್ನಿನ ಕಿಟಕಿಗಳನ್ನು ಮುಚ್ಚಿ. ಇಲ್ಲದಿದ್ದರೆ ಹಿಂದಿನ ಬೆಳಕಿಗೆ ನಿಮ್ಮ ನೆರಳು ಕಾಣುತ್ತದೆ. ನಡುಹಗಲಲ್ಲೂ ನೀರಿಗೆ ಬರುತ್ತವೆ, ಊಟಕ್ಕೆಂದು ಎದ್ದು ಹೋಗಬೇಡಿ. ದೂರವನ್ನು ಕಣ್ಣಂದಾಜಿನಲ್ಲಿ ಅಳೆಯಬೇಡಿ. ಅದು ನಮ್ಮೂರಿನ ದೊಡ್ಡ ಹೋತದ ಗಾತ್ರದ ಪ್ರಾಣಿ, ಸಣ್ಣದಿರುವುದರಿಂದ ಇರುವುದಕ್ಕಿಂತ ದೂರದಲ್ಲಿದೆ ಅನ್ನಿಸಿ ಬಾಣ ಬೆನ್ನ ಮೇಲೆ ಹಾರಿಹೋಗುತ್ತದೆ. ದೂರ ಅಳೆಯುವ ರೇಂಜ್‌ಫೈಂಡರ್ ಬಳಸಿ. ಇನ್ನೊಂದು ಮಾತು, ಬಂದೂಕಿನ ಸೀಸನ್ ನಡೆಯುವ ಜಾಗದಲ್ಲಿ ಡಿಕಾಯ್ ಹಿಂದೆ ಅಡಗಲೇಬೇಡಿ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಒಂದು ವಿಷಯವನ್ನೂ ಹೇಳಬೇಕು: ಬೇಲಿ. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಚಿಮ್ಮುವುದನ್ನು ನೋಡಿ ಬೆಳೆದವರು ಪ್ರಾಂಗ್‌ಹಾರ್ನ್ ಕೂಡ ಬೇಲಿ ಹಾರುತ್ತದೆಂದೇ ತಿಳಿಯುತ್ತಾರೆ. ಇವೆರಡೂ ಬೇರೆ ಬೇರೆ ಕುಟುಂಬದವು. ಇಂದು ಬದುಕಿರುವವುಗಳಲ್ಲಿ ಪ್ರಾಂಗ್‌ಹಾರ್ನ್‌ನ ಹತ್ತಿರದ ನೆಂಟರು ಜಿರಾಫೆ ಮತ್ತು ಒಕಾಪಿ. ಗಂಟೆಗೆ ಎಂಬತ್ತು ಕಿಲೋಮೀಟರ್ ಮೀರಿ ಓಡುವ ಈ ಪ್ರಾಣಿ, ಅಡ್ಡಗೋಡೆಯೇ ಇಲ್ಲದ ಬಯಲಲ್ಲಿ ಲಕ್ಷಾಂತರ ವರ್ಷ ಬಾಳಿದ್ದು. ಹಾರುವ ಶಕ್ತಿ ಇದ್ದರೂ ಮುಳ್ಳುತಂತಿ ಎದುರಾದರೆ ಸಾಮಾನ್ಯವಾಗಿ ಅಡಿಯಲ್ಲೇ ನುಸುಳುತ್ತದೆ. ಕೆಳಗಿನ ತಂತಿ ನೆಲಕ್ಕೆ ತೀರ ಹತ್ತಿರವಿದ್ದರೆ ಬೆನ್ನಿನ ಚರ್ಮ ಕಿತ್ತು ಬರುತ್ತದೆ, ಹಿಮ ಬಿದ್ದಾಗ ದಾರಿಯೇ ಮುಚ್ಚಿಹೋಗುತ್ತದೆ. ಅದಕ್ಕೇ ಆ ತಂತಿ ಮುಳ್ಳಿಲ್ಲದ್ದಾಗಿ, ನೆಲದಿಂದ ಕನಿಷ್ಠ 16 ಇಂಚು ಮೇಲಿರಬೇಕು ಅನ್ನುವುದು. ಬೇಸಿಗೆಯಲ್ಲಿ ಬೇಲಿ ತಿದ್ದುವ ಸ್ವಯಂಸೇವಕರ ಜೊತೆ ಒಂದು ದಿನ ಕೆಲಸ ಮಾಡಿ ಬನ್ನಿ. ಪ್ರಾಣಿಗೂ ಒಳ್ಳೆಯದು, ನಿಮಗೂ ಪಾಠ.

ಯಾಕೆಂದರೆ ನುಸುಳುವ ಜಾಗಗಳು ಬದಲಾಗುವುದು ಕಡಿಮೆ. ತಂತಿಗೆ ಸಿಕ್ಕಿಕೊಂಡ ಟೊಳ್ಳು ಕೂದಲು, ಅದರಡಿಯಲ್ಲಿ ಸವೆದ ಮಣ್ಣು ಕಂಡರೆ ಅದೇ ಬಾಗಿಲು. ನನ್ನ ಮೊದಲ ಗಂಡು ಪ್ರಾಂಗ್‌ಹಾರ್ನ್ ಸಿಕ್ಕಿದ್ದು ಅಂಥ ಕಡೆಯೇ. ಇಪ್ಪತ್ತೈದು ಗಜ ದೂರದ ಸೇಜ್ ಪೊದೆಯ ಹಿಂದೆ ಕೂತಿದ್ದೆ, ಗಾಳಿ ಮುಖಕ್ಕಿತ್ತು. ಬೇಲಿಯಾಚೆ ನಿಂತು ನನ್ನ ಕಡೆಯೇ ಐದು ನಿಮಿಷ ನೋಡಿತು. ನಾನು ಕದಲಲಿಲ್ಲ. ಆಮೇಲೆ ಮುಂಗಾಲು ಮಡಚಿ ತಂತಿಯ ಕೆಳಗೆ ತಲೆ ತೂರಿಸಿತು, ಆಗ ಬಿಲ್ಲು ಎಳೆದೆ.