ನಲವತ್ತಕ್ಕೆ ಒಂದು ಶಿಲ್ಲಿಂಗ್ ಕಡಿಮೆ

18ನೇ ಶತಮಾನದ ಲಂಡನ್. ಓಲ್ಡ್ ಬೇಲಿ ನ್ಯಾಯಾಲಯದ ಕಟಕಟೆಯಲ್ಲಿ ಮನೆಗೆಲಸದ ಹುಡುಗಿಯೊಬ್ಬಳು ನಿಂತಿದ್ದಾಳೆ ಎಂದುಕೊಳ್ಳಿ. ಒಡೆಯನ ಮನೆಯ ಬೆಳ್ಳಿ ಚಮಚ ಕದ್ದದ್ದು ಸಾಬೀತಾಗಿದೆ. ವಾಸದ ಮನೆಯಿಂದ ಕದ್ದ ಮಾಲು 40 ಶಿಲ್ಲಿಂಗ್ ಬೆಲೆಬಾಳಿದರೆ, 1713ರ ಕಾಯ್ದೆಯ ಪ್ರಕಾರ ನೇಣೇ ಗತಿ. ಅವಳ ಬಡತನ, ಹಸಿವು ಯಾವುದಕ್ಕೂ ಆ ಕಾಯ್ದೆಯಲ್ಲಿ ಜಾಗವಿಲ್ಲ. ಜ್ಯೂರಿಯವರು, ಅಂದರೆ ತೀರ್ಪು ಕೊಡಲು ಪ್ರಮಾಣ ಮಾಡಿ ಕೂತ ಸಾಮಾನ್ಯ ನಾಗರಿಕರು, ತೀರ್ಪು ಹೇಳುತ್ತಾರೆ: ಕದ್ದದ್ದು ನಿಜ, ಆದರೆ ಮಾಲಿನ ಬೆಲೆ 39 ಶಿಲ್ಲಿಂಗ್.

ಇಂಥ ತೀರ್ಪುಗಳು ಆಗ ಮಾಮೂಲಾಗಿದ್ದವು. ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟನ್ ಇದನ್ನು ಒಂದು ಬಗೆಯ ಪುಣ್ಯದ ಸುಳ್ಳುಸಾಕ್ಷಿ ಎಂದು ಕರೆದ. 1827ರಲ್ಲಿ ಆ ಮಿತಿಯನ್ನು 5 ಪೌಂಡಿಗೆ (100 ಶಿಲ್ಲಿಂಗ್) ಏರಿಸಿದಾಗ ಜ್ಯೂರಿಯ ಲೆಕ್ಕವೂ 4 ಪೌಂಡ್ 19 ಶಿಲ್ಲಿಂಗಿಗೆ ಏರಿತು. ನನಗೆ ಇದು ಬರೀ ಕರುಣೆಯ ಕಥೆಯಾಗಿ ಕಾಣುವುದಿಲ್ಲ. ‘ತಪ್ಪು ಮಾಡಿದ್ದಾಳೆ, ಆದರೆ ಅಷ್ಟು ದೊಡ್ಡದಲ್ಲ’ ಎನ್ನಲು ಕಾನೂನು ದಾರಿ ಕೊಡದಿದ್ದಾಗ, ಪ್ರಮಾಣ ಮಾಡಿ ಕೂತವರೇ ಸುಳ್ಳು ಹೇಳಬೇಕಾಯಿತು.

ಹಾಗೆಂದು ತಪ್ಪಿನ ತೀವ್ರತೆಯನ್ನು ತಗ್ಗಿಸಿ ಹೇಳಲು ಇಂಗ್ಲಿಷಿನಲ್ಲಿ ಪದಗಳಿಗೆ ಬರವಿರಲಿಲ್ಲ. ‘ಎಕ್ಸ್‌ಟೆನ್ಯುಯೇಟ್’ ಬಂದದ್ದು ತೆಳ್ಳಗೆ ಎಂಬರ್ಥದ ಲ್ಯಾಟಿನ್ ‘ಟೆನುಯಿಸ್’ನಿಂದ. ಸಂಸ್ಕೃತದ ‘ತನು’ ಅದರ ದಾಯಾದಿ. ನಾವು ದೇಹಕ್ಕೆ ಬಳಸುವ ಆ ಪದಕ್ಕೆ ತೆಳು, ಕೃಶ ಎಂಬ ಅರ್ಥವೂ ಇದೆ. ‘ಮಿಟಿಗೇಟ್’ ಎಂದರೆ ಮೂಲದಲ್ಲಿ ಮೆತ್ತಗಾಗಿಸು. ಎದುರು ಪದ ‘ಅಗ್ರವೇಟ್’ ಎಂದರೆ ಭಾರ ಹೆಚ್ಚಿಸು. ಅದರ ಬೇರಾದ ‘ಗ್ರಾವಿಸ್’ ನಮ್ಮ ‘ಗುರು’ವಿನ ನಂಟು, ‘ಗುರುತರ ಅಪರಾಧ’ ಎನ್ನುವಾಗ ನಾವು ಹೇಳುವುದೂ ಅದನ್ನೇ. ಅಂದರೆ ಈ ಪದಗಳು ತಪ್ಪನ್ನು ಅಳಿಸುವುದಿಲ್ಲ. ತಪ್ಪು ಉಳಿಯುತ್ತದೆ, ಅದರ ದಪ್ಪವೋ ತೂಕವೋ ಬದಲಾಗುತ್ತದೆ. ನೆಪ ಹೇಳುವುದು ಬೇರೆ, ಇದು ಬೇರೆ. (ಬ್ರಿಟನ್ನಿನಲ್ಲಿ ಓದುವ ನಮ್ಮ ಮಕ್ಕಳು ಕಾಯಿಲೆ ಬಿದ್ದು ಪರೀಕ್ಷೆ ತಪ್ಪಿದರೆ ತುಂಬುವ ಅರ್ಜಿಯ ಮೇಲೂ ಎಷ್ಟೋ ಕಡೆ ಈ ಪದಗಳೇ ಇರುತ್ತವೆ.)

ಆದರೆ ಯಾರ ತಪ್ಪು ತೆಳುವಾಗಬೇಕು? ಹೆಂಡತಿಯನ್ನು ಪರಪುರುಷನೊಡನೆ ಕಂಡು ಸಿಟ್ಟಿನಲ್ಲಿ ಕೊಂದ ಗಂಡನಿಗೆ ‘ಪ್ರಚೋದನೆ’ ಎಂಬ ರಿಯಾಯಿತಿಯನ್ನು ಇಂಗ್ಲಿಷ್ ನ್ಯಾಯಾಲಯಗಳು ಬಹಳ ಹಿಂದೆಯೇ ಕೊಟ್ಟಿದ್ದವು. ಸಿಟ್ಟು ತಕ್ಷಣದ್ದಾಗಿರಬೇಕು, ಅಷ್ಟೆ. ಪಂಜಾಬ್ ಮೂಲದ, ಮದುವೆಯಾಗಿ ಇಂಗ್ಲೆಂಡಿಗೆ ಹೋದ ಕಿರಣ್‌ಜಿತ್ ಅಹ್ಲುವಾಲಿಯಾ ಹತ್ತು ವರ್ಷ ಗಂಡನ ಹೊಡೆತ ತಿಂದರು. 1989ರಲ್ಲಿ ಅವನು ಮಲಗಿದ್ದಾಗ ಬೆಂಕಿ ಹಚ್ಚಿದರು. ಹೊಡೆತಕ್ಕೂ ಬೆಂಕಿಗೂ ನಡುವೆ ಹೊತ್ತು ಕಳೆದಿತ್ತು, ಹಾಗಾಗಿ ಪ್ರಚೋದನೆಯ ವಾದ ನಿಲ್ಲಲಿಲ್ಲ. ಜೀವಾವಧಿ ಶಿಕ್ಷೆಯಾಯಿತು. ಮಹಿಳಾ ಸಂಘಟನೆಗಳು ಹೋರಾಡಿದವು. 1992ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ಅವರ ಮನಃಸ್ಥಿತಿ ಕುಗ್ಗಿಹೋಗಿತ್ತು, ಹೊಣೆಗಾರಿಕೆಯೂ ಅಷ್ಟರಮಟ್ಟಿಗೆ ಕಡಿಮೆ ಎಂಬ ವಾದ ಕೊನೆಗೆ ಒಪ್ಪಿಗೆಯಾಗಿ ಅವರು ಹೊರಬಂದರು. 1957ರ ಕಾಯ್ದೆ ಸ್ಕಾಟ್ಲೆಂಡಿನಿಂದ ಎರವಲು ತಂದಿದ್ದ ವಾದ ಅದು. 2009ರ ಕಾಯ್ದೆಯಂತೂ ಹಳೆಯ ಪ್ರಚೋದನೆಯನ್ನೇ ತೆಗೆದುಹಾಕಿತು. ಹೊಸ ನಿಯಮದಲ್ಲಿ ಸಿಟ್ಟು ತಕ್ಷಣದ್ದೇ ಆಗಬೇಕಿಲ್ಲ. ದಾಂಪತ್ಯದ್ರೋಹವೊಂದನ್ನೇ ಕಾರಣವಾಗಿ ಹೇಳುವಂತೆಯೂ ಇಲ್ಲ.

ನಮ್ಮಲ್ಲಿ ‘ಗಂಭೀರ ಮತ್ತು ಹಠಾತ್ ಪ್ರಚೋದನೆ’ 1860ರ ದಂಡಸಂಹಿತೆಯೊಂದಿಗೆ ಬಂದು, ಈಗಿನ ನ್ಯಾಯಸಂಹಿತೆಯಲ್ಲೂ ಉಳಿದಿದೆ. ಆದರೆ ಮರಣದಂಡನೆಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ತೀರ್ಪು ದೊಡ್ಡ ಹೆಜ್ಜೆ. ಅಪರಾಧದ ಜೊತೆ ಅಪರಾಧಿಯನ್ನೂ ನೋಡಿ, ಶಿಕ್ಷೆ ತಗ್ಗಿಸುವ ಸಂದರ್ಭಗಳನ್ನು ಉದಾರವಾಗಿ ತೂಗಿ ಎಂದಿತು ಅದು. ನೋಡುವುದು ಹೇಗೆ ಎಂಬುದಕ್ಕೆ ವಿವರ ಬರಲು ಇನ್ನೂ ನಾಲ್ಕು ದಶಕ ಬೇಕಾಯಿತು. 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣಾ ನ್ಯಾಯಾಲಯದ ಮಟ್ಟದಲ್ಲೇ ಈ ಮಾಹಿತಿ ಕಲೆಹಾಕಬೇಕೆಂದು ಹೇಳಿತು: ಮನೋವೈದ್ಯರ ವರದಿ, ಮನೆಯ ಪರಿಸ್ಥಿತಿ, ಓದು, ದುಡಿಮೆ, ಜೈಲಿನಲ್ಲಿ ಅಪರಾಧಿ ನಡೆದುಕೊಂಡ ರೀತಿ, ಅಲ್ಲಿ ಮಾಡಿದ ಕೆಲಸ.